ಲಾರಿ ಅಪಘಾತ: ಪರಿಹಾರ ಕೈತಪ್ಪದಿರಲು ಮೊದಲ ದಿನದಿಂದಲೇ ಮಾಡಬೇಕಾದ್ದು

ಗಾಯಾಳುವನ್ನು ಹುಬ್ಬಳ್ಳಿ ಕಿಮ್ಸ್‌ಗೋ, ಗದಗ, ಹಾವೇರಿಯ ಜಿಲ್ಲಾಸ್ಪತ್ರೆಗೋ ಸೇರಿಸುವಾಗ ‘ಹೇಗಾಯ್ತು?’ ಎಂದು ಕೇಳುತ್ತಾರೆ. ಗಾಬರಿಯಲ್ಲಿ ‘ಬೈಕ್ ಮೇಲಿಂದ ಬಿದ್ರು’ ಎಂದುಬಿಟ್ಟರೆ ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ಪುಸ್ತಕ) ಅಷ್ಟೇ ದಾಖಲಾಗುತ್ತದೆ. ಮುಂದೆ ವಿಮಾ ಕಂಪನಿಯ ವಕೀಲರು ಇದನ್ನೇ ಹಿಡಿದು, ಲಾರಿ ತಾಗೇ ಇಲ್ಲ, ತಾನಾಗಿ ಬಿದ್ದದ್ದು ಎಂದು ವಾದಿಸುತ್ತಾರೆ. ಲಾರಿ ಗುದ್ದಿದ್ದರೆ ‘ಲಾರಿ ಗುದ್ದಿತು’ ಎಂದೇ ಬರೆಸಿ. ನಂಬರ್ ಗೊತ್ತಿದ್ದರೆ ಅದನ್ನೂ ಹೇಳಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಲ್ಲಿದೆ. ನಿಗದಿತ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕೇಳಿ ಪಡೆಯಿರಿ.

ದೂರು ಅದೇ ದಿನ ಕೊಡಿ. ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ಗಬ್ಬೂರು, ಬಂಕಾಪುರ, ಚಳಗೇರಿ ಟೋಲ್‌ಗಳಲ್ಲಿ ಲಾರಿ ದಾಟಿದ್ದರೆ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ವಶಪಡಿಸಿಕೊಳ್ಳುವಂತೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಆರ್‌ಟಿಒ ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್ ಇಷ್ಟರ ಪ್ರತಿಗಳು ಬೇಕೇ ಬೇಕು.

ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಗುದ್ದಿದವರು ತಪ್ಪು ತಮ್ಮದೇ ಎಂದು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ. ಪಾರ್ಕಿಂಗ್ ಲೈಟ್, ರಿಫ್ಲೆಕ್ಟರ್ ಇರಲಿಲ್ಲವೆಂದು ಪಂಚನಾಮೆಯಲ್ಲಿ ಬಂದರೆ ಲಾರಿಯವರ ಪಾಲಿನ ಹೊಣೆಯೂ ನಿಲ್ಲುತ್ತದೆ. ಎರಡೂ ವಾಹನಗಳ ತಪ್ಪಿದ್ದಾಗ, ಪ್ರಯಾಣಿಕರಾಗಿದ್ದವರು ಯಾವುದಾದರೂ ಒಂದು ಕಡೆಯಿಂದಲೇ ಪೂರ್ತಿ ಪರಿಹಾರ ಕೇಳಬಹುದು.

ಲಾರಿ ಬಾಡಿ ಮೇಲಿನ ಟ್ರಾನ್ಸ್‌ಪೋರ್ಟ್ ಹೆಸರು ನೋಡಿ ಕೇಸು ಹಾಕಬೇಡಿ. ಹೊಣೆ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ಹೆಸರಿದ್ದವರದು. ಲಾರಿ ಮಾರಿದ್ದೇನೆ, ವರ್ಗಾವಣೆಯಷ್ಟೇ ಬಾಕಿ ಎಂಬ ಮಾತು ನಡೆಯದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಚಾಲಕನ ಲೈಸೆನ್ಸ್‌ನಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ವಿಮಾ ಕಂಪನಿ ಮೊದಲು ನಿಮಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕಾಗುತ್ತದೆ.

ಮೆಣಸಿನಕಾಯಿ ಚೀಲದ ಜೊತೆ ಬ್ಯಾಡಗಿಗೋ, ಈರುಳ್ಳಿ ಜೊತೆ ಅಮರಗೋಳ ಎಪಿಎಂಸಿಗೋ ಹೋಗುವ ರೈತರು ಇದನ್ನು ನೆನಪಿಡಬೇಕು: ಮಾಲಿನ ಒಡೆಯನಿಗೆ ವಿಮೆಯ ರಕ್ಷಣೆ ಇದೆ, ಆದರೆ ಕ್ಯಾಬಿನ್‌ನಲ್ಲಿ ಕೂತಿದ್ದರೆ ಮಾತ್ರ. ಚೀಲದ ಮೇಲೆ ಕೂತವರ, ದಾರಿಯಲ್ಲಿ ಹತ್ತಿಕೊಂಡವರ ಹೊಣೆಯಿಂದ ಕಂಪನಿ ಜಾರಿಕೊಳ್ಳುತ್ತದೆ. ಬಿಲ್ಟಿ (ಸರಕು ಸಾಗಣೆ ರಸೀದಿ), ಎಪಿಎಂಸಿ ಚೀಟಿ ಜೋಪಾನ.

ಮೊತ್ತದ ಲೆಕ್ಕ ಹೀಗೆ: ತಿಂಗಳಿಗೆ 15,000 ದುಡಿಯುತ್ತಿದ್ದ 34 ವರ್ಷದವರು ತೀರಿಕೊಂಡು, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರಿದ್ದಾರೆ ಎನ್ನಿ. ಸ್ವಂತ ದುಡಿಮೆಯವರಾದರೆ ಮುಂದಿನ ಆದಾಯಕ್ಕೆಂದು 40% ಸೇರಿ 21,000. ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ಅದನ್ನು ವರ್ಷದ 12 ತಿಂಗಳಿಂದ, ಆಮೇಲೆ ತೀರಿಕೊಂಡವರ ವಯಸ್ಸಿಗೆ ನಿಗದಿಯಾದ ಗುಣಕ 16ರಿಂದ ಗುಣಿಸಿದರೆ 30,24,000. ಅಂತ್ಯಕ್ರಿಯೆ ಮುಂತಾದವು ಪ್ರತ್ಯೇಕ. ಆಸ್ಪತ್ರೆಗೇ ಬಂದು 50 ಸಾವಿರ ಕೈಗಿಟ್ಟು ರಾಜಿಪತ್ರಕ್ಕೆ ಸಹಿ ಕೇಳುವವರಿಗೆ ಈ ಲೆಕ್ಕ ಗೊತ್ತಿರುತ್ತದೆ, ಸಹಿ ಹಾಕಬೇಡಿ.

ಅರ್ಜಿಯನ್ನು ಅಪಘಾತದಿಂದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಿ. ಅಪಘಾತ ಪುಣೆ ಹತ್ತಿರವಾಗಿದ್ದರೂ ನೀವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಗುದ್ದಿ ಓಡಿಹೋದ ಲಾರಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಸರಕಾರಿ ಯೋಜನೆಯಿಂದ ಸಿಗುತ್ತದೆ. ತೀರ್ಪಿನ ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.