ಕರಡಿನಿಂದ ಓದುಗರ ಕೈಗೆ: ಒಂದು ಏಣಿಯ ಕತೆ

ತಾನೇ ಬರೆದು ತಾನೇ ಪ್ರಕಟಿಸುವ ಲೇಖಕನಿಗೆ ಸ್ವಾತಂತ್ರ್ಯ ಜಾಸ್ತಿ. ಯಾರೂ ಕತೆಯನ್ನು ವಾಪಸ್ ಕಳಿಸುವುದಿಲ್ಲ. ಕಷ್ಟವೂ ಅದೇ. ಮೂರನೇ ಪುಟದಲ್ಲಿ ಕತೆ ಮಲಗಿಬಿಟ್ಟಿದೆ ಅಂತ ಹೇಳುವ ಸಂಪಾದಕ ಇಲ್ಲ. ಕಾಗುಣಿತ ನೋಡುವವರಿಲ್ಲ. ಅವರೆಲ್ಲರ ಕೆಲಸವೂ ನಮ್ಮ ತಲೆಗೇ ಬೀಳುತ್ತದೆ. ಹಾಗಾಗಿ ಕತೆ ಬರೆಯುವುದಕ್ಕಿಂತ, ಇಲ್ಲದ ಸಂಪಾದಕನನ್ನು ಹುಟ್ಟಿಸಿಕೊಳ್ಳುವುದೇ ಇಲ್ಲಿ ದೊಡ್ಡ ಕೆಲಸ.

ನಾನೀಗ ಹೊಸದೊಂದು ಸಣ್ಣಕತೆ ತಿದ್ದುತ್ತಿದ್ದೇನೆ. ಹೆಸರು ‘ಏಣಿ’. ಸುಮ್ನೆ ಬುದ್ಧಿ ಹೇಳುವ ಬದಲು ಅದನ್ನೇ ಮೇಜಿನ ಮೇಲಿಟ್ಟುಕೊಂಡು, ಹೆಜ್ಜೆ ಹೆಜ್ಜೆಯಾಗಿ ಏನು ಮಾಡಿದೆ ಅಂತ ತೋರಿಸುತ್ತೇನೆ.

1. ವಿಷಯ ಬಿಡಿ, ವಸ್ತು ಹಿಡಿಯಿರಿ

ವಿಮರ್ಶಕರು ‘ಕಥಾವಸ್ತು’ ಅನ್ನುತ್ತಾರಲ್ಲ, ಆ ವಸ್ತುವಲ್ಲ. ಕೈಯಲ್ಲಿ ಹಿಡಿಯಬಹುದಾದ, ಕಾಲಿಗೆ ಎಡವುವ ವಸ್ತು.

ನೆರೆಮನೆಯವರ ಮುನಿಸಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನ ಕೂತೆ. ಒಂದು ಸಾಲೂ ಹುಟ್ಟಲಿಲ್ಲ. ಮುನಿಸು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಏಣಿ ಸಿಕ್ಕಿತು. ಎದುರುಬದುರು ಎರಡು ಮನೆ, ಹನ್ನೊಂದು ವರ್ಷದಿಂದ ಮಾತಿಲ್ಲ. ಜಗಳಕ್ಕೆ ಮುಂಚೆ ಅಪ್ಪ ಎದುರು ಮನೆಯಿಂದ ತಂದ ಏಣಿ ಇಲ್ಲೇ ಉಳಿದಿದೆ. ಅಪ್ಪ ತೀರಿಕೊಂಡ ಮೇಲೆ ಮಗ ಅದನ್ನು ವಾಪಸ್ ಕೊಡಲು ಹೊರಡುತ್ತಾನೆ. ಕತೆ ಅಷ್ಟೇ.

ವಸ್ತು ಸಿಕ್ಕಿದ ಮೇಲೆ ಅದಕ್ಕೆ ಪ್ರಶ್ನೆ ಕೇಳಿ. ಏಣಿ ಎಷ್ಟು ಉದ್ದ? ಒಬ್ಬನೇ ಹೊರಬಹುದಾ? ಗೇಟಿನಲ್ಲಿ ತೂರುತ್ತದಾ? ಎಲ್ಲಾದರೂ ಮುರಿದಿದೆಯಾ? ಮುರಿದಿದ್ದರೆ ಮುರಿದವರು ಯಾರು? ಈ ಕೊನೆಯ ಪ್ರಶ್ನೆ ಬರೆದುಕೊಂಡ ಹೊತ್ತಿಗೆ ಜಗಳದ ಕಾರಣವೂ ಸಿಕ್ಕಿಹೋಯಿತು.

2. ಕರಡು ಓಡಲಿ

ಮೊದಲ ಕರಡನ್ನು ಆದಷ್ಟು ಕಡಿಮೆ ಸಲ ಕೂತು ಮುಗಿಸಿ. ಹಿಂದಕ್ಕೆ ಹೋಗಿ ತಿದ್ದಬೇಡಿ. ಗೊತ್ತಿಲ್ಲದ ಜಾಗದಲ್ಲಿ ಗುಣಾಕಾರದ ಗುರುತು ಹಾಕಿ ಮುಂದೆ ಹೋಗಿ. ನನ್ನ ಕರಡಿನ ತುಂಬ ಇಂಥ ಗುರುತುಗಳಿವೆ. ಪಾತ್ರಗಳಿಗೆ ನಾನು ಹೆಸರನ್ನೂ ಇಡುವುದಿಲ್ಲ, ಅದು ಕೊನೆಯ ದಿನದ ಕೆಲಸ. ಇಟ್ಟಾಗಲೂ ಎರಡು ಹೆಸರು ಒಂದೇ ಅಕ್ಷರದಿಂದ ಶುರುವಾಗದಂತೆ ನೋಡಿಕೊಳ್ಳುತ್ತೇನೆ. ರಮೇಶ, ರಾಜೇಶ ಒಂದೇ ಕತೆಯಲ್ಲಿ ಬಂದರೆ ಓದುವವರು ಎರಡನೇ ಪುಟಕ್ಕೇ ಗೊಂದಲ ಆಗುತ್ತಾರೆ.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು. ಸಣ್ಣಕತೆ ಎಷ್ಟು ಪದ ಇರಬೇಕು ಅಂತ ಇಂಗ್ಲಿಷಿನ ಲೆಕ್ಕ ತಂದು ಕನ್ನಡಕ್ಕೆ ಹಾಕಬೇಡಿ. ‘ಮನೆಯಿಂದಲೇ’ ಅನ್ನುವ ಒಂದು ಪದಕ್ಕೆ ಅಲ್ಲಿ ಮೂರು ನಾಲ್ಕು ಪದ ಬೇಕಾಗುತ್ತದೆ. ನಮ್ಮ ಸಾವಿರ ಪದದೊಳಗೆ ಜಾಸ್ತಿ ಕತೆ ಹಿಡಿಯುತ್ತದೆ.

3. ಮುಚ್ಚಿಡಿ

ಎರಡು ವಾರ. ಅಷ್ಟು ತಾಳ್ಮೆ ಇಲ್ಲದಿದ್ದರೆ ಫಾಂಟ್ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಕಾಗದದಲ್ಲಿ ಪ್ರಿಂಟ್ ತೆಗೆದು ಓದಿ. ಸಾಲುಗಳು ಬೇರೆ ಕಡೆ ಮುರಿದರೆ ಕಣ್ಣು ಮೋಸ ಹೋಗುತ್ತದೆ, ಬೇರೆಯವರು ಬರೆದದ್ದು ಅಂದುಕೊಳ್ಳುತ್ತದೆ. ನಮಗೆ ಬೇಕಾದ್ದೂ ಅದೇ.

4. ಮೊದಲ ಪ್ಯಾರಾ ಮೇಲೆ ಅನುಮಾನ ಇರಲಿ

‘ಏಣಿ’ಯ ಕರಡು ಹೀಗೆ ಶುರುವಾಗಿತ್ತು:

“ಎದುರು ಮನೆಯವರಿಗೂ ಇವರ ಮನೆಯವರಿಗೂ ಮೊದಲಿನಿಂದಲೂ ಅತ್ಯಂತ ಅನ್ಯೋನ್ಯವಾದ ಸಂಬಂಧ ಇತ್ತು. ಆದರೆ ಹನ್ನೊಂದು ವರ್ಷಗಳ ಹಿಂದೆ ನಡೆದ ಒಂದು ಚಿಕ್ಕ ಘಟನೆಯಿಂದಾಗಿ ಆ ಸಂಬಂಧ ಮುರಿದುಬಿದ್ದಿತ್ತು. ಅವನಿಗೆ ಆ ದಿನಗಳು ನೆನಪಾಗಿ ಮನಸ್ಸು ಭಾರವಾಯಿತು. ಅವನು ಒಂದು ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ನಿಧಾನವಾಗಿ ನಡೆಯುತ್ತಿದ್ದನು.”

ತಪ್ಪೇನಿಲ್ಲ ಅನ್ನಿಸುತ್ತದೆ, ಅಲ್ವಾ? ವ್ಯಾಕರಣ ಸರಿ ಇದೆ. ಆದರೆ ಇದು ಕತೆಯಲ್ಲ. ಮಾತು ಶುರು ಮಾಡುವ ಮುಂಚೆ ಲೇಖಕ ಗಂಟಲು ಸರಿ ಮಾಡಿಕೊಳ್ಳುವ ಸದ್ದು. ಈಗ ಅದು ಹೀಗಿದೆ:

“ಏಣಿ ಗೇಟಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಅಡ್ಡ ಹಿಡಿದ, ಓರೆ ಹಿಡಿದ. ಕೊನೆಗೆ ಕಾಂಪೌಂಡಿನ ಮೇಲಿಂದ ಅರ್ಧ ಆಚೆ ದಾಟಿಸಿ, ತಾನು ಸುತ್ತಿ ಬಂದು ಇನ್ನರ್ಧ ಎಳೆದುಕೊಂಡ. ಎದುರು ಮನೆಯ ಕಿಟಕಿಯ ಪರದೆ ಅಲ್ಲಾಡಿತು. ಹನ್ನೊಂದು ವರ್ಷದಲ್ಲಿ ಈ ಗೇಟಿನಿಂದ ಆ ಗೇಟಿಗೆ ಹೊರಟದ್ದು ಏಣಿಯೇ ಮೊದಲು.”

ಏನಾಯಿತು ನೋಡಿ. ‘ಮನಸ್ಸು ಭಾರವಾಯಿತು’ ಹೋಯಿತು. ಹೆಗಲ ಮೇಲೆ ಏಣಿ ಇರುವಾಗ ಮನಸ್ಸಿನ ಭಾರ ಬೇರೆ ಯಾಕೆ? ‘ಒಂದು ಚಿಕ್ಕ ಘಟನೆ’ ಹೋಯಿತು. ಘಟನೆ ಏನು ಅಂತ ಹೇಳುವುದಿದ್ದರೆ ಹೇಳಬೇಕು, ಇಲ್ಲದಿದ್ದರೆ ಸುದ್ದಿ ಎತ್ತಬಾರದು. ಹಿಂದಿನ ಕತೆಯೆಲ್ಲ ಕೊನೆಯ ಒಂದೇ ವಾಕ್ಯಕ್ಕೆ ಇಳಿಯಿತು. ಜೊತೆಗೆ ಪರದೆಯ ಹಿಂದೆ ಒಬ್ಬರು ಬಂದು ನಿಂತರು. ಕರಡಿನಲ್ಲಿ ಅವರು ಎರಡನೇ ಪುಟದವರೆಗೂ ಪತ್ತೆಯೇ ಇರಲಿಲ್ಲ.

ಪ್ರತಿ ಕತೆಯೂ ಓಟದಲ್ಲೇ ಶುರುವಾಗಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಏನೂ ಕಳೆದುಹೋಗದಿದ್ದರೆ ತೆಗೆಯಿರಿ. ನನ್ನ ಹತ್ತು ಕತೆಗಳಲ್ಲಿ ಏಳೆಂಟರಲ್ಲಿ ತೆಗೆಯಬೇಕಾಗಿ ಬಂದಿದೆ.

5. ಜೋರಾಗಿ ಓದಿ

ಇದೊಂದೇ ಹೆಜ್ಜೆ ಇಟ್ಟುಕೊಂಡು ಉಳಿದದ್ದು ಬಿಡಿ ಅಂದರೂ ನನಗೆ ಒಪ್ಪಿಗೆ. ಬಾಯಿಬಿಟ್ಟು ಓದಿ, ಪೆನ್ಸಿಲ್ ಕೈಯಲ್ಲಿರಲಿ. ನಾಲಿಗೆ ತೊಡರಿದ ಕಡೆ ಗೆರೆ ಹಾಕಿ. ಸಂಕೋಚ ಆದರೆ ಫೋನಿಗೆ ಓದಲು ಹೇಳಿ. ಭಾವ ಇಲ್ಲದ ಆ ದನಿ ನಮ್ಮ ಸಾಲುಗಳಿಗೆ ಯಾವ ದಯೆಯನ್ನೂ ತೋರಿಸುವುದಿಲ್ಲ.

ಗೆರೆ ಬಿದ್ದ ಜಾಗದಲ್ಲಿ ನನಗೆ ಸಾಮಾನ್ಯವಾಗಿ ಸಿಗುವವು ಇವು.

‘ಅವನು.’ ಕನ್ನಡದ ಕ್ರಿಯಾಪದ ತಾನೇ ಎಲ್ಲ ಹೇಳುತ್ತದೆ. ‘ಹಿಡಿದ’ ಅಂದರೆ ಗಂಡಸು, ಒಬ್ಬನೇ, ಕೆಲಸ ಮುಗಿದಿದೆ. ಮತ್ತೆ ‘ಅವನು’ ಯಾಕೆ? ‘ಏಣಿ’ಯ ಕರಡಿನಲ್ಲಿ ಎಣಿಸಿದರೆ ಐವತ್ತಕ್ಕೂ ಮೇಲಿದ್ದವು. ನಾಲ್ಕು ಉಳಿಸಿಕೊಂಡೆ. ಎದುರು ಮನೆಯವರೂ ಗಂಡಸೇ, ಇಬ್ಬರೂ ಒಂದೇ ಬಾಗಿಲಲ್ಲಿ ನಿಂತಾಗ ಯಾರು ಯಾರು ಅಂತ ತಿಳಿಯುವುದು ಹೇಗೆ? ಅದಕ್ಕೂ ಭಾಷೆಯಲ್ಲೇ ದಾರಿ ಇದೆ. ಹಿರಿಯರಿಗೆ ‘ತೆರೆದರು, ನೋಡಿದರು’. ಹುಡುಗನಿಗೆ ‘ನಿಂತ, ನೋಡಿದ’. ಒಂದು ಸರ್ವನಾಮವೂ ಬೇಡ. ಉಳಿಸಿಕೊಂಡ ನಾಲ್ಕರಲ್ಲಿ ಒಂದು ‘ಅವನು’ ಕತೆಯ ಕೊನೆಯಲ್ಲಿದೆ. ಅದನ್ನು ಯಾರು ಕೇಳಿದರೂ ತೆಗೆಯುವುದಿಲ್ಲ.

‘ಒಂದು.’ ‘ಒಂದು ಏಣಿಯನ್ನು ಹೊತ್ತು’ ಅಂದರೆ ಎರಡು ಏಣಿ ಹೊರುವವರೂ ಇದ್ದಾರೇನೋ ಅನ್ನಿಸುತ್ತದೆ. ಎಣಿಕೆ ಮುಖ್ಯವಾದ ಕಡೆ ಮಾತ್ರ ಇರಲಿ.

‘ತ್ತಿದ್ದ.’ ನಡೆಯುತ್ತಿದ್ದ, ನೋಡುತ್ತಿದ್ದ, ಯೋಚಿಸುತ್ತಿದ್ದ. ಸಾಲಾಗಿ ನಾಲ್ಕು ಬಂದರೆ ಕತೆಗೆ ತೂಕಡಿಕೆ. ಯಾವುದೋ ಕೆಲಸ ನಡೆಯುತ್ತಿರುವಾಗ ಇನ್ನೇನೋ ಆಯಿತು ಅನ್ನುವ ಕಡೆ ಮಾತ್ರ ಅದು ಬೇಕು. ಉಳಿದ ಕಡೆ ‘ನಡೆದ’, ‘ನೋಡಿದ’ ಸಾಕು. ‘ಬಂದುಬಿಟ್ಟ, ಹೇಳಿಬಿಟ್ಟ’ ಕೂಡ ಹಾಗೇ. ಪುಟಕ್ಕೆ ಒಂದು ‘ಬಿಟ್ಟ’ಕ್ಕೆ ಬಲ ಇರುತ್ತದೆ, ಐದು ಬಂದರೆ ಐದೂ ಸಪ್ಪೆ.

ಆಮೇಲೆ ಉದ್ದದ ಬಾಲ. ಬಾಲ ಅನ್ನುವುದಕ್ಕಿಂತ ತಲೆ ಅನ್ನಬೇಕು, ಮುಂದುಗಡೆಯೇ ಬರುತ್ತದಲ್ಲ. “ಅಪ್ಪ ತಂದಿಟ್ಟಿದ್ದ, ಈಗ ಒಂದು ಮೆಟ್ಟಿಲು ಹೋಗಿದ್ದ, ಹಿತ್ತಲ ಗೋಡೆಗೆ ಒರಗಿ ಕಪ್ಪಾಗಿದ್ದ ಏಣಿ”. ಏಣಿ ಬರುವ ಹೊತ್ತಿಗೆ ಉಸಿರು ಮುಗಿದಿರುತ್ತದೆ. ಮೊದಲು ಏಣಿ ತನ್ನಿ: “ಏಣಿ ಹಿತ್ತಲ ಗೋಡೆಗೆ ಒರಗಿ ಕಪ್ಪಾಗಿತ್ತು. ಒಂದು ಮೆಟ್ಟಿಲು ಇರಲಿಲ್ಲ.” ಇಲ್ಲಿ ‘ಒಂದು’ ಬೇಕು, ಗಮನಿಸಿ.

ಮಾತುಕತೆಯನ್ನಂತೂ ಕಿವಿಯೇ ತೀರ್ಮಾನಿಸಬೇಕು. ಬಾಗಿಲು ತೆರೆದವರು ಕರಡಿನಲ್ಲಿ “ನೀನು ಏನನ್ನು ತಂದಿರುವೆ?” ಅಂತ ಕೇಳಿದ್ದರು. ನಾಟಕದ ರಾಜ ಕೂಡ ಮನೆಯಲ್ಲಿ ಹಾಗೆ ಕೇಳಲಾರ. ಈಗ “ಏನದು?” ಅಂತ ಕೇಳುತ್ತಾರೆ.

6. ಮೂರು ಜನ ಸಾಕು

ಹಿಂದಿನ ಕತೆಯೊಂದನ್ನು ಹತ್ತು ಜನ ಗೆಳೆಯರಿಗೆ ಕಳಿಸಿದ್ದೆ. ಏಳು ಜನ ‘ಸೂಪರ್’ ಅಂದರು. ಇಬ್ಬರು ಕೈ ಮುಗಿಯುವ ಚಿತ್ರ ಕಳಿಸಿದರು. ಒಬ್ಬರು ಇವತ್ತಿಗೂ ‘ಓದ್ತೀನಿ’ ಅನ್ನುತ್ತಿದ್ದಾರೆ. ತಪ್ಪು ಅವರದಲ್ಲ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನದೆ ಇನ್ನೇನು ಹೇಳುತ್ತಾರೆ?

ಈಗ ಮೂರೇ ಜನರಿಗೆ ಕೊಡುತ್ತೇನೆ, ಮೂರೇ ಕೋರಿಕೆ. ಎಲ್ಲಿ ಓದು ನಿಲ್ಲಿಸಿ ಫೋನ್ ನೋಡಿದಿರಿ? ಯಾವ ಸಾಲನ್ನು ಎರಡು ಸಲ ಓದಬೇಕಾಯಿತು? ಕತೆಯನ್ನು ನನಗೇ ತಿರುಗಿ ಹೇಳಿ.

ಮೂರನೆಯದಕ್ಕೆ ಬೆಲೆ ಜಾಸ್ತಿ. ‘ಏಣಿ’ಯನ್ನು ತಿರುಗಿ ಹೇಳುವಾಗ ಒಬ್ಬರು “ಅಪ್ಪ ಏಣಿ ಮುರಿದು ಹಾಕಿದ್ದ ಅಲ್ವಾ” ಅಂದರು. ನನ್ನ ತಲೆಯಲ್ಲಿ ಮುರಿದದ್ದು ಮಗ, ಆಗ ಅವನಿಗೆ ಹತ್ತು ವರ್ಷ. ಅದನ್ನು ಬರೆದಿದ್ದೇನೆ ಅಂದುಕೊಂಡಿದ್ದೆ. ಹುಡುಕಿದರೆ ಕರಡಿನಲ್ಲಿ ಎಲ್ಲೂ ಇಲ್ಲ.

ಕೊನೆಯ ಬಗ್ಗೆ ಮೂವರದು ಮೂರು ದಾರಿ. ಇಬ್ಬರೂ ಅಪ್ಪಿಕೊಂಡು ಅಳಬೇಕಿತ್ತು ಅಂದರು ಒಬ್ಬರು. ಬಾಗಿಲು ಮುಖದ ಮೇಲೆ ಹಾಕಿಕೊಳ್ಳಬೇಕಿತ್ತು ಅಂದರು ಇನ್ನೊಬ್ಬರು. ಮತ್ತೊಬ್ಬರು ಅಲ್ಲಿ ಬೇಜಾರಾಗಿ ಎರಡು ಪ್ಯಾರಾ ಹಾರಿಸಿದ್ದರು. ಯಾರ ದಾರಿಯನ್ನೂ ನಾನು ಹಿಡಿಯಲಿಲ್ಲ. ಆದರೆ ಮೂವರ ಬೆರಳೂ ಒಂದೇ ಬಾಗಿಲಿನ ಮೇಲಿತ್ತು. ಹೋಗಿ ನೋಡಿದರೆ ಅಲ್ಲಿ ಹಿರಿಯರಿಂದ ಇಪ್ಪತ್ತು ಸಾಲಿನ ಕ್ಷಮೆಯ ಭಾಷಣ ಮಾಡಿಸಿದ್ದೆ. ಪೂರ್ತಿ ತೆಗೆದೆ.

7. ಓದುಗರ ಕೈಗೆ

ಇದು ಬರವಣಿಗೆಯಷ್ಟು ಮಜಾ ಇಲ್ಲದ ಕೆಲಸ. ಆದರೂ ತಿಳಿದಿರಲಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಯಾರ ಫೋನಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಅಕ್ಷರ ಪದ್ಧತಿ ಅದು. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಜಲಾಗಿ ಕಾಣುತ್ತದೆ. ಫೋನಿನಲ್ಲಿ ಓದುವವರಿಗೆ ಪಿಡಿಎಫ್‌ಗಿಂತ ಇ-ಪಬ್ (ಇ-ಪುಸ್ತಕಕ್ಕೆಂದೇ ಇರುವ ಫೈಲ್ ಬಗೆ) ಒಳ್ಳೆಯದು. ಪಿಡಿಎಫ್‌ನಲ್ಲಿ ಪುಟದ ಅಳತೆ ಗಟ್ಟಿ, ಚಿಕ್ಕ ಪರದೆಯಲ್ಲಿ ಹಿಗ್ಗಿಸಿ ಜರುಗಿಸುತ್ತ ಓದಬೇಕು. ಇ-ಪಬ್‌ನಲ್ಲಿ ಸಾಲುಗಳು ಪರದೆಗೆ ತಕ್ಕಂತೆ ತಾವೇ ಹರಿದು ಕೂರುತ್ತವೆ.

ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಪಡೆಯುವುದಾದರೆ ಅಚ್ಚಿನ ಪ್ರತಿಗೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು ಬೇಕು. 2007ರಿಂದ ಅದು 13 ಅಂಕಿಯ ಸಂಖ್ಯೆ, ಮುಂಚೆ 10 ಇತ್ತು. ಹಕ್ಕುಸ್ವಾಮ್ಯದ ಬಗ್ಗೆ ಹೊಸಬರಿಗೆ ಹೆದರಿಕೆ ಜಾಸ್ತಿ. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದವನ್ನು ಒಪ್ಪಿಕೊಂಡ ದೇಶಗಳಲ್ಲಿ ಕತೆ ಬರೆದವರಿಗೆ ಹಕ್ಕು ತಾನಾಗೇ ಬರುತ್ತದೆ, ಅದಕ್ಕೆ ನೋಂದಣಿಯೇ ಬೇಕು ಅಂತಿಲ್ಲ. ಆದರೂ ತಾರೀಖು ಇರುವ ಕರಡುಗಳನ್ನು ಅಳಿಸಬೇಡಿ.

ದೊಡ್ಡ ಯಂತ್ರದಲ್ಲಿ ಅಚ್ಚು ಹಾಕಿಸಿದರೆ ಪುಟಗಳು ಸಾಮಾನ್ಯವಾಗಿ 16ರ ಲೆಕ್ಕದಲ್ಲಿ ಹೋಗುತ್ತವೆ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಮಾಡಿ ಮಡಚುವುದರಿಂದ ಈ ಲೆಕ್ಕ. 98 ಪುಟ ಆಗಿದ್ದರೆ ಎರಡು ಪುಟ ಕಡಿಮೆ ಮಾಡಿ 96ಕ್ಕೆ ತನ್ನಿ.

ಕರಡಚ್ಚನ್ನು (ಅಚ್ಚಿಗೆ ಮುಂಚೆ ತಪ್ಪು ನೋಡಲು ಕೊಡುವ ಪ್ರತಿ) ಕಾಗದದಲ್ಲೇ ನೋಡಿ. ನನ್ನ ಮೊದಲ ಪುಸ್ತಕವನ್ನು ಅಚ್ಚಿನವರು ಹಳೆಯ ಫಾಂಟಿಗೆ ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ನಾನು ಫೋನಿನಲ್ಲಿ ಮೇಲೆ ಮೇಲೆ ನೋಡಿ ‘ಓಕೆ’ ಅಂದಿದ್ದೆ. ಇನ್ನೂರು ಪ್ರತಿಯಲ್ಲೂ ಅದೇ ತಪ್ಪು. ತುಂಬಾ ದಿನ ಯಾರಿಗಾದರೂ ಪುಸ್ತಕ ಕೊಡುವ ಮುಂಚೆ ಪೆನ್ನಿನಿಂದ ತಿದ್ದುತ್ತ ಕೂತಿದ್ದೆ.

ಪ್ರತಿಗಳು ಕಡಿಮೆ ಇರಲಿ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಅವರ ಗಂಡ ಲಿಯೊನಾರ್ಡ್ 1917ರಲ್ಲಿ ಚಿಕ್ಕ ಕೈಮುದ್ರಣ ಯಂತ್ರ ಕೊಂಡು ಊಟದ ಮೇಜಿನ ಮೇಲಿಟ್ಟರು. ಅಚ್ಚಿನ ಮೊಳೆಗಳನ್ನು ಕೈಯಿಂದಲೇ ಜೋಡಿಸಿದರು. ಮೊದಲ ಪುಸ್ತಕದಲ್ಲಿ ಒಂದು ಕತೆ ಅವರದು, ಒಂದು ಇವರದು. ಹಾಕಿದ್ದು ಸುಮಾರು 150 ಪ್ರತಿ. ಮಂಚದ ಕೆಳಗೆ ಸಾವಿರ ಪ್ರತಿ ಪೇರಿಸಿಟ್ಟು ನಿದ್ದೆಗೆಡುವುದಕ್ಕಿಂತ ಅದು ಎಷ್ಟೋ ವಾಸಿ.

ಕತೆಯ ಜೊತೆ ಬರೆಯುವ ಬಗೆಯನ್ನೂ ಹೇಳಿಕೊಡುವವರಾದರೆ (ನನ್ನ ಹಾಗೆ) ಇನ್ನೊಂದು ಎಚ್ಚರ. ಪಾಠ ಹೇಳುವುದು ಸುಲಭ, ಬೇಗ ಮೆಚ್ಚುಗೆಯೂ ಸಿಗುತ್ತದೆ. ಹಾಗೇ ಹೇಳುತ್ತ ಹೋದರೆ ಕತೆ ಬರೆಯುವುದು ನಿಂತುಹೋಗುತ್ತದೆ. ಎರಡು ಕತೆಗೆ ಒಂದು ಪಾಠ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

ಆ ಲೆಕ್ಕದಲ್ಲಿ ಈ ಸಲ ಪಾಠ ಜಾಸ್ತಿಯಾಯಿತು. ಸರಿದೂಗಿಸಲು, ಇಪ್ಪತ್ತು ಸಾಲಿನ ಭಾಷಣ ಹೋದ ಮೇಲೆ ‘ಏಣಿ’ಯ ಕೊನೆ ಈಗ ಹೇಗಿದೆ ಅಂತ ಓದಿ:

“ಬಾಗಿಲು ತೆರೆದವರು ಏಣಿಯನ್ನು ನೋಡಿದರು. ಕೆಳಗಿನಿಂದ ಒಂದೊಂದೇ ಮೆಟ್ಟಿಲನ್ನು ಬೆರಳಿನಿಂದ ಮುಟ್ಟುತ್ತ ಬಂದರು. ನಾಲ್ಕು, ಐದು. ಆರನೆಯದರ ಜಾಗದಲ್ಲಿ ಬೆರಳು ಗಾಳಿಯಲ್ಲಿ ನಿಂತಿತು.

‘ಇದು ಯಾವಾಗ ಹೋಯ್ತು?’

‘ತಂದ ವಾರದಲ್ಲೇ. ನಾನು ಹತ್ತಿ ಕುಣಿದಿದ್ದೆ. ರಿಪೇರಿ ಮಾಡಿಸೋವರೆಗೂ ನಿಮಗೆ ಹೇಳಬೇಡ ಅಂದಿದ್ರು ಅಪ್ಪ.’

ಅವರು ಖಾಲಿ ಜಾಗದೊಳಗಿಂದ ರಸ್ತೆಯಾಚೆಯ ಗೇಟನ್ನು ನೋಡಿದರು.

‘ಅದಕ್ಕಾ ವಾಪಸ್ ಕೊಡ್ಲಿಲ್ಲ ಅವನು?’

ಹುಡುಗ ಏನೂ ಹೇಳಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

‘ಆ ತುದಿ ಹಿಡ್ಕೋ’ ಅಂದರು.”