ಸಂಬಂಧಿಕರ ಮನೆಯಲ್ಲಿ ಬಾಡಿಗೆಗಿದ್ದೀರಾ? ಬ್ರಿಟನ್‌ನಲ್ಲಿ ಹೌಸಿಂಗ್ ಬೆನಿಫಿಟ್ ಕೇಳುವ ಮುಂಚೆ ಇಷ್ಟು ನೋಡಿಕೊಳ್ಳಿ

ಮನೆ ನಮ್ಮ ಸಂಬಂಧಿಕರದ್ದೇ ಆದರೆ ಬಾಡಿಗೆಗೆ ಸರ್ಕಾರದ ನೆರವು ಸಿಗೋದೇ ಇಲ್ಲ ಅಂತ ಇಲ್ಲಿನ ನಮ್ಮವರು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಹಾಗೇನೂ ಇಲ್ಲ, ಸಿಗುತ್ತದೆ. ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಮನೆ ಕೊಟ್ಟವರು ನಿಮ್ಮ ಜೊತೆ ಅದೇ ಮನೆಯಲ್ಲಿ ಇದ್ದಾರಾ? ನೀವು ಕೊಡುತ್ತಿರುವುದು ನಿಜವಾದ ಬಾಡಿಗೆಯಾ?

ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿ. ಅದರ ಮೇಲೆ ಪಬ್ಲಿಕ್ ಫಂಡ್ಸ್ ಇಲ್ಲ, ಅಂದರೆ ಸರ್ಕಾರದ ಇಂಥ ನೆರವು ಪಡೆಯುವಂತಿಲ್ಲ ಅಂತ ಬರೆದಿದ್ದರೆ ಈ ಅರ್ಜಿ ಹಾಕಲೇಬೇಡಿ, ಮುಂದೆ ವೀಸಾಗೇ ತೊಂದರೆ ಆಗುತ್ತದೆ. ಅಪ್ಪ ಅಮ್ಮನನ್ನು ಅವಲಂಬಿತರ ವೀಸಾದಲ್ಲಿ ಕರೆಸಿಕೊಂಡವರು, ಐದು ವರ್ಷ ಸರ್ಕಾರದ ನೆರವಿಲ್ಲದೆ ನಾವೇ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಟ್ಟಿರುತ್ತೀರಿ. ಅದನ್ನು ಮರೆಯಬೇಡಿ.

ಅರ್ಜಿ ಯಾರಿಗೆ ಅಂದರೆ, ಪಿಂಚಣಿ ವಯಸ್ಸು ದಾಟಿದವರು ತಮ್ಮ ಊರಿನ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಹೌಸಿಂಗ್ ಬೆನಿಫಿಟ್ ಅಂತ ಹಾಕಬೇಕು. ಇನ್ನೂ ಆ ವಯಸ್ಸಾಗದವರಿಗೆ ಸಾಮಾನ್ಯವಾಗಿ ಯುನಿವರ್ಸಲ್ ಕ್ರೆಡಿಟ್‌ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಜೊತೆಯಲ್ಲೇ ಬಾಡಿಗೆಯ ಭಾಗ ಬರುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಇನ್ನೂ ಆ ವಯಸ್ಸಾಗಿಲ್ಲ ಅಂದರೆ, 2019ರ ಮೇ 15ರಿಂದ ಹೊಸ ಅರ್ಜಿ ಹೆಚ್ಚುಕಮ್ಮಿ ಯಾವಾಗಲೂ ಯುನಿವರ್ಸಲ್ ಕ್ರೆಡಿಟ್‌ಗೇ ಹೋಗುತ್ತದೆ.

ಈಗ ಸಂಬಂಧದ ವಿಷಯ. ಹತ್ತಿರದ ಸಂಬಂಧಿಕರು ಅಂತ ಕಾನೂನಿನಲ್ಲಿ ಒಂದು ಪಟ್ಟಿ ಇದೆ: ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಗಂಡನ ಅಥವಾ ಹೆಂಡತಿಯ ತಂದೆ ತಾಯಿ, ಅಳಿಯ, ಸೊಸೆ, ಮಲತಂದೆ ಮಲತಾಯಿ, ಮಲಮಕ್ಕಳು, ಜೊತೆಗೆ ಇವರ ಸಂಗಾತಿಗಳು. ಇವರಲ್ಲಿ ಒಬ್ಬರು ಮನೆಯ ಮಾಲೀಕರಾಗಿದ್ದು ಅದೇ ಮನೆಯಲ್ಲಿ ನಿಮ್ಮ ಜೊತೆ ಇದ್ದರೆ ನೆರವಿಲ್ಲ, ನೀವು ತಿಂಗಳು ತಿಂಗಳು ಬಾಡಿಗೆ ಕೊಟ್ಟರೂ ಇಲ್ಲ. ಮಗನ ಮನೆಯ ಮೇಲಿನ ರೂಮಿನಲ್ಲಿರುವ ಅಮ್ಮನಿಗೆ ಸಿಗುವುದಿಲ್ಲ. ಅದೇ ಮಗ ತನ್ನ ಇನ್ನೊಂದು ಫ್ಲ್ಯಾಟ್ ಅಮ್ಮನಿಗೆ ಬಾಡಿಗೆಗೆ ಕೊಟ್ಟು ತಾನು ಬೇರೆ ಕಡೆ ಇದ್ದರೆ ಸಿಗಬಹುದು.

ಇಲ್ಲಿ ನಮ್ಮ ಭಾಷೆಯೇ ನಮಗೆ ತೊಂದರೆ ಕೊಡುತ್ತದೆ. ನಮಗೆ ಹೆಂಡತಿಯ ತಾಯಿಯೂ ಅತ್ತೆ, ಅಪ್ಪನ ತಂಗಿಯೂ ಅತ್ತೆ. ಮೊದಲನೆಯವರು ಪಟ್ಟಿಯಲ್ಲಿದ್ದಾರೆ, ಎರಡನೆಯವರು ಇಲ್ಲ. ಮಾವನ ಕಥೆಯೂ ಅದೇ: ಗಂಡನ ತಂದೆ ಪಟ್ಟಿಯಲ್ಲಿದ್ದಾರೆ, ಸೋದರಮಾವ ಇಲ್ಲ. ದೊಡ್ಡಪ್ಪನ ಮಗನನ್ನು ನಾವು ಹುಟ್ಟಿದಾಗಿನಿಂದ ಅಣ್ಣ ಅಂತಲೇ ಕರೆಯುತ್ತೇವೆ, ಆಫೀಸಿನವರು ಕೇಳಿದಾಗ ಸುಮ್ನೆ ಬ್ರದರ್ ಅಂದುಬಿಡುತ್ತೇವೆ, ಅಲ್ವಾ? ಅವನ ಜೊತೆ ಒಂದೇ ಮನೆಯಲ್ಲಿದ್ದರೆ ಆ ಒಂದು ಮಾತಿಗೇ ಅರ್ಜಿ ಬೀಳಬಹುದು. ಅವನು ಕಸಿನ್ ಅಂತ ಬರೆಯಿರಿ, ಯಾರ ಮಗ ಅಂತಲೂ ಸೇರಿಸಿ. ಹಿರಿಯರ ಪರವಾಗಿ ಫಾರ್ಮ್ ತುಂಬುವ ಮಕ್ಕಳು ಇದನ್ನು ಎರಡು ಸಲ ಕೇಳಿಕೊಂಡು ಬರೆಯಬೇಕು.

ಪಟ್ಟಿ ದಾಟಿದರೂ, ಇದು ನಿಜವಾದ ಬಾಡಿಗೆ ವ್ಯವಹಾರವಾ ಅನ್ನೋ ಪ್ರಶ್ನೆ ಉಳಿಯುತ್ತದೆ. ಜಾಸ್ತಿ ಜನ ಸೋಲುವುದು ಇಲ್ಲೇ. ನನಗೆ ಗೊತ್ತಿರುವ ಒಬ್ಬರು ಹಿರಿಯ ಮಹಿಳೆ ತಂಗಿಯ ಫ್ಲ್ಯಾಟ್‌ನಲ್ಲಿದ್ದರು, ತಂಗಿ ಇದ್ದದ್ದು ಬೇರೆ ಊರಿನಲ್ಲಿ. ತಿಂಗಳಿಗೆ 550 ಪೌಂಡ್ ಅಂತ ಬಾಯಿಮಾತು. ತಂಗಿ ಯುಗಾದಿಗೆ ಬಂದಾಗ ಎರಡು ತಿಂಗಳದ್ದು ಒಟ್ಟಿಗೆ ಕೈಗೆ ಕೊಟ್ಟರು, ಆಮೇಲೆ ಒಂದು ತಿಂಗಳು ಕೊಡಲೇ ಇಲ್ಲ. ಅಕ್ಕತಂಗಿಯರ ನಡುವೆ ರಸೀದಿ ಕೇಳೋದು ಹೇಗೆ ಅಂತ ಇಬ್ಬರಿಗೂ ಸಂಕೋಚ. ಅರ್ಜಿ ತಿರಸ್ಕಾರವಾಯಿತು. ಆಮೇಲೆ ಕಾಗದದ ಮೇಲೆ ಕರಾರು ಮಾಡಿಕೊಂಡರು, ಪ್ರತಿ ತಿಂಗಳು 1ನೇ ತಾರೀಖು ಬ್ಯಾಂಕಿನಿಂದ ತಾನಾಗಿಯೇ 550 ಹೋಗುವ ಹಾಗೆ ಮಾಡಿದರು, ವಿವರದಲ್ಲಿ ರೆಂಟ್ ಅಂತ ಹಾಕಿದರು. ಆ ಬಾಡಿಗೆಯಿಂದಲೇ ಮನೆ ಸಾಲದ ಕಂತು ಕಟ್ಟುತ್ತೇನೆ ಅಂತ ತಂಗಿ ಒಂದು ಪತ್ರ ಬರೆದರು, ಹಿಂದೆ ಹೊರಗಿನವರಿಗೆ ಅಷ್ಟೇ ದುಡ್ಡಿಗೆ ಕೊಟ್ಟಿದ್ದ ಹಳೇ ಕರಾರನ್ನೂ ಜೊತೆಗಿಟ್ಟರು. ಮತ್ತೆ ಹಾಕಿದ ಅರ್ಜಿ ಒಪ್ಪಿಗೆಯಾಯಿತು.

ಬಾಡಿಗೆ ಮಾರುಕಟ್ಟೆ ದರಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಪರವಾಗಿಲ್ಲ, ಅದೊಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ ಮಾಲೀಕರನ್ನು ಒಂದು ಪ್ರಶ್ನೆ ಕೇಳಬಹುದು: ಬಾಡಿಗೆ ನಿಂತರೆ ಏನು ಮಾಡುತ್ತೀರಿ? ನಮ್ಮವರು ಥಟ್ಟನೆ ಹೇಳುವ ಉತ್ತರ, ಅಯ್ಯೋ ಅವಳು ನಮ್ಮಕ್ಕ, ಇದ್ದಾಗ ಕೊಡಲಿ ಬಿಡಿ. ಮನಸ್ಸಿನಲ್ಲಿ ನಿಜಕ್ಕೂ ಹಾಗೇ ಇದ್ದರೆ ಅದನ್ನು ಬಾಡಿಗೆ ಅನ್ನಲಾಗದು, ಅರ್ಜಿ ಹಾಕಬೇಡಿ. ನೆರವು ಸಿಗಲಿ ಅಂತಲೇ ಕಾಗದದಲ್ಲಿ ಬಾಡಿಗೆ ಹುಟ್ಟಿಸಿದರೆ ಅದನ್ನೂ ಕಾನೂನು ಒಪ್ಪುವುದಿಲ್ಲ. ಬಾಡಿಗೆ ನಿಜವೇ ಆಗಿದ್ದರೆ ಮಾಲೀಕರೂ ಹಾಗೇ ನಡೆದುಕೊಳ್ಳಬೇಕು: ಆ ಆದಾಯವನ್ನು ತೆರಿಗೆಗೆ ತೋರಿಸಬೇಕು, ಮನೆ ಮೇಲೆ ಸಾಲ ಇದ್ದರೆ ಸಂಬಂಧಿಕರಿಗೆ ಬಾಡಿಗೆ ಕೊಡಬಹುದಾ ಅಂತ ಬ್ಯಾಂಕನ್ನು ಕೇಳಬೇಕು.

ಇನ್ನು ಊರಿನ ಆಸ್ತಿ. ಪೆನ್ಷನ್ ಕ್ರೆಡಿಟ್‌ನ (ಕಡಿಮೆ ಆದಾಯದ ಹಿರಿಯರಿಗೆ ಸಿಗುವ ನೆರವಿನ) ಗ್ಯಾರಂಟಿ ಭಾಗ ಬರುತ್ತಿಲ್ಲ ಅಂದರೆ, ಉಳಿತಾಯ ಮತ್ತು ಆಸ್ತಿ ಸೇರಿ 16,000 ಪೌಂಡ್ ದಾಟಿದರೆ ನೆರವಿಲ್ಲ. ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟೂ ಲೆಕ್ಕಕ್ಕೆ ಬರುತ್ತದೆ, ಹಾಸನದ ಹಳೇ ಮನೆಯಲ್ಲಿ ನಿಮ್ಮ ಪಾಲೂ ಬರುತ್ತದೆ. ಬೆಲೆ ಹಿಡಿಯುವಾಗ ಅದರ ಮೇಲಿನ ಸಾಲವನ್ನೂ, ಮಾರುವ ಖರ್ಚಿಗೆ ಅಂತ ಶೇ. 10ನ್ನೂ ಕಳೆಯುತ್ತಾರೆ. ಅದು ಇಂಡಿಯಾದಲ್ಲಿದೆ, ಇವರಿಗೇನು ಗೊತ್ತಾಗುತ್ತದೆ ಅಂತ ಬಿಡಬೇಡಿ. ಆಮೇಲೆ ಸಿಕ್ಕಿಬಿದ್ದರೆ ಅಷ್ಟು ವರ್ಷದ ಹಣ ವಾಪಸ್ ಕಟ್ಟಬೇಕು, ಕೇಸೂ ಆಗಬಹುದು.

ಎಲ್ಲ ಸರಿಯಿದ್ದರೂ ಪೂರ್ತಿ ಬಾಡಿಗೆ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಖಾಸಗಿ ಬಾಡಿಗೆಗೆ ಪ್ರತಿ ಪ್ರದೇಶಕ್ಕೂ ಒಂದು ಮಿತಿ ಇದೆ. 35 ತುಂಬದ ಒಂಟಿ ಮನುಷ್ಯರಿಗೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ಒಂದು ರೂಮಿನ ಲೆಕ್ಕ ಮಾತ್ರ.

ಅರ್ಜಿ ತಿರಸ್ಕಾರವಾದರೆ ಪತ್ರದ ಮೇಲಿನ ತಾರೀಖು ನೋಡಿ. ಅಲ್ಲಿಂದ ಒಂದು ತಿಂಗಳು ಸಮಯ. ಹೌಸಿಂಗ್ ಬೆನಿಫಿಟ್ ಆದರೆ ಮರುಪರಿಶೀಲನೆ ಕೇಳಬಹುದು ಅಥವಾ ನೇರವಾಗಿ ಮೇಲ್ಮನವಿ ಹಾಕಬಹುದು. ಯುನಿವರ್ಸಲ್ ಕ್ರೆಡಿಟ್ ಆದರೆ ಮೊದಲು ಮರುಪರಿಶೀಲನೆ, ಆಮೇಲೇ ಟ್ರಿಬ್ಯೂನಲ್. ಸಿಟಿಜನ್ಸ್ ಅಡ್ವೈಸ್ ಅನ್ನೋ ಸಲಹಾ ಸಂಸ್ಥೆಯವರು ದುಡ್ಡು ತೆಗೆದುಕೊಳ್ಳದೆ ಸಹಾಯ ಮಾಡುತ್ತಾರೆ. ಹೋಗುವಾಗ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ತಿರಸ್ಕಾರದ ಪತ್ರ ಮೂರನ್ನೂ ಒಯ್ಯಿರಿ.