ಹೆಡ್‌ಸೆಟ್ ಹಾಕುವ ಮೊದಲು ಚಾಪೆ ಹಾಸಿ

ನಮ್ಮ ಮನೆ ಉಡುಪಿಯ ಅಂಬಲಪಾಡಿಯಲ್ಲಿ. ಇಲ್ಲಿ ಯಕ್ಷಗಾನಕ್ಕೆ ಬರವಿಲ್ಲ, ಭರತನಾಟ್ಯಕ್ಕೂ ಇಲ್ಲ. ಕಂಟೆಂಪರರಿ ಡ್ಯಾನ್ಸ್ (ಸಮಕಾಲೀನ ನೃತ್ಯ) ನೋಡುವ ಆಸೆಯಾದರೆ ಮಾತ್ರ ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆ. ಅಣ್ಣ ದುಬೈಯಿಂದ ಬರುವಾಗ ಕ್ವೆಸ್ಟ್ 3 ಎಂಬ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ದೃಶ್ಯ ಕಾಣುವ ಸಾಧನ, ತಂದುಕೊಟ್ಟ ಮೇಲೆ ವಾರಕ್ಕೊಂದಾದರೂ ನೃತ್ಯ ಮನೆಯಲ್ಲೇ ನೋಡುತ್ತೇನೆ.

ನೀವು ನೋಡಲಿರುವುದು ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಸುತ್ತಲೂ ಚಿತ್ರ ತೆಗೆದ 360 ಡಿಗ್ರಿ ವಿಡಿಯೋದಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಒಂದು ಕಡೆ ಇರುತ್ತದೆ, ನೀವು ಕತ್ತು ತಿರುಗಿಸಬಹುದು ಅಷ್ಟೆ. ಎರಡು ಹೆಜ್ಜೆ ಮುಂದೆ ಹೋದರೂ ನರ್ತಕಿ ಹತ್ತಿರವಾಗುವುದಿಲ್ಲ. ಇಡೀ ರಂಗವೇ ನಿಮ್ಮ ಜೊತೆ ಜಾರುತ್ತದೆ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಇದನ್ನು ತಿರುಗುವ ಕುರ್ಚಿಯಲ್ಲಿ ಕೂತೇ ನೋಡಿ. ಇನ್ನೊಂದು ಬಗೆಯಲ್ಲಿ ನರ್ತಕರ ಚಲನೆಯನ್ನು ಮೋಷನ್ ಕ್ಯಾಪ್ಚರ್ ಮಾಡಿ, ಅಂದರೆ ಕಂಪ್ಯೂಟರಿನಲ್ಲಿ ದಾಖಲಿಸಿಕೊಂಡು, ಮೂರು ಆಯಾಮದ ಆಕೃತಿಗಳನ್ನು ಕಟ್ಟಿರುತ್ತಾರೆ. ಅಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂತು ಪಾದ ನೋಡಬಹುದು. ಸ್ವಿಟ್ಜರ್ಲೆಂಡಿನ ನೃತ್ಯ ಸಂಯೋಜಕ ಜಿಲ್ ಜೋಬಾನ್ 2017ರಲ್ಲಿ ಮಾಡಿದ 'ವಿಆರ್_ಐ'ಗೆ ಐದು ಜನ ಒಟ್ಟಿಗೆ ಒಳಹೋಗುತ್ತಾರೆ. ಅದರಲ್ಲಿ ನರ್ತಕರು ಒಮ್ಮೆ ಬೆಟ್ಟದಷ್ಟು ದೊಡ್ಡವರು, ಒಮ್ಮೆ ಬೊಂಬೆಯಷ್ಟು ಚಿಕ್ಕವರು. ಮನೆಯಲ್ಲಿ ಶುರು ಮಾಡುವವರಿಗೆ 360 ವಿಡಿಯೋನೇ ಸಾಕು. ಡಚ್ ನ್ಯಾಷನಲ್ ಬ್ಯಾಲೆಯವರು 2016ರಲ್ಲಿ ಮಾಡಿದ 'ನೈಟ್ ಫಾಲ್' ಬ್ಯಾಲೆಯೇ ಆದರೂ ಕಣ್ಣು ಪಳಗಲು ಒಳ್ಳೆಯದು. ಕ್ಯಾಮೆರಾ ಓಡಾಡುವ ವಿಡಿಯೋಗಳು ಆಮೇಲಿರಲಿ.

ನಿಂತು ನೋಡುವುದಾದರೆ ನೆಲಕ್ಕೆ ಚಾಪೆ ಹಾಸಿ, ಬರಿಗಾಲಲ್ಲಿ ನಿಲ್ಲಿ. ಚಾಪೆಯ ಅಂಚು ತಾಗಿದ ಕೂಡಲೇ ಕಾಲಿಗೆ ಗೊತ್ತಾಗುತ್ತದೆ. ನಾನು ಚಾಪೆ ಇಲ್ಲದೆ ನೋಡಿದ ದಿನ ಕೈ ಕಪಾಟಿಗೆ ಬಡಿದು ಗೆಣ್ಣು ಊದಿಕೊಂಡಿತ್ತು. ಎದುರಿಗೊಂದು ಟೇಬಲ್ ಫ್ಯಾನ್ ಇಡಿ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಯಾವ ಕಡೆ ತಿರುಗಿದ್ದೀರಿ ಅಂತ ತಿಳಿಯುತ್ತದೆ. ನಮ್ಮೂರಿನ ಸೆಕೆಗೆ ಬೆವರಿ ಲೆನ್ಸ್ ಮಂಜಾಗುವುದೂ ಕಮ್ಮಿ. ಊಟ ಆದ ತಕ್ಷಣ ನೋಡಬೇಡಿ. ಲೆನ್ಸ್ ಮೇಲೆ ಬಿಸಿಲು ಬೀಳಲೇಬಾರದು, ಒಳಗಿನ ಪರದೆ ಸುಟ್ಟುಹೋಗುತ್ತದೆ.

ಚಿತ್ರ ಮಸುಕಾಗಿದ್ದರೆ ಹೆಡ್‌ಸೆಟ್ಟನ್ನು ಬೈಯಬೇಡಿ. 4ಕೆ ವಿಡಿಯೋದ ಅಗಲದ 3840 ಪಿಕ್ಸೆಲ್ (ಚಿತ್ರದ ಚುಕ್ಕಿ) ಸುತ್ತ 360 ಡಿಗ್ರಿಗೆ ಹಂಚಿಹೋಗಿರುತ್ತದೆ. ಕಣ್ಣೆದುರಿನ 90 ಡಿಗ್ರಿಗೆ ಸಿಗುವುದು ಬರೀ 960. ಇನ್ನೂ ಹೆಚ್ಚು ಪಿಕ್ಸೆಲ್ ಇರುವ 8ಕೆ ಇದ್ದರೆ ಅದನ್ನೇ ಆರಿಸಿ. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ, ಚಾರ್ಜ್ ಮೊದಲೇ ಮಾಡಿಡಿ.

ಇನ್ನು ನೋಡುವ ಬಗೆ. ಚಿಕ್ಕಂದಿನಲ್ಲಿ ಬಯಲಾಟಕ್ಕೆ ಹೋದಾಗ ಅಪ್ಪ ನನ್ನನ್ನು ರಂಗಸ್ಥಳದ ಎದುರು ಕೂರಿಸುತ್ತಿರಲಿಲ್ಲ, ಬದಿಗೆ ಕೂರಿಸುತ್ತಿದ್ದರು. "ಎದುರಿಂದ ಮುಖ ಕಾಣ್ತದೆ, ಬದಿಯಿಂದ ಕಾಲು ಕಾಣ್ತದೆ" ಎನ್ನುತ್ತಿದ್ದರು. ಹೆಡ್‌ಸೆಟ್ಟಿನಲ್ಲೂ ನಾನು ಕಾಲನ್ನೇ ಹುಡುಕುತ್ತೇನೆ. ಕಂಟೆಂಪರರಿಯಲ್ಲಿ ಪ್ರಸಂಗದ ಕತೆ ಇರಬೇಕೆಂದಿಲ್ಲ, ಮುದ್ರೆಗೆ ಅರ್ಥ ಹುಡುಕಿದರೆ ಸುಸ್ತಾಗುತ್ತೀರಿ. ಮೈಯ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಬೀಳುವ ಮುಂಚೆ ಮಂಡಿ ಸಡಿಲವಾಗುತ್ತದೆ, ಉಸಿರು ಹೊರಗೆ ಹೋಗುತ್ತದೆ. ಟಿವಿಯಲ್ಲಿ ಇದು ಸಿಗುವುದು ಕಷ್ಟ. ಇಲ್ಲಿ ಆಳು ಆಳಿನಷ್ಟೇ ಎತ್ತರ, ಎರಡು ಮಾರು ದೂರದಲ್ಲಿ. ಮೊದಲ ಸಲ ಒಬ್ಬರನ್ನೇ ಹಿಂಬಾಲಿಸಿ. ಎರಡನೇ ಸಲ ಸುಮ್ನೆ ನಿಂತವರನ್ನು ನೋಡಿ. ಹೆಚ್ಚಿನವರು ನೋಡದೆ ಬಿಡುವುದು ಅವರನ್ನೇ, ಅಲ್ವಾ? ಇಯರ್‌ಫೋನ್ ಹಾಕಿಕೊಳ್ಳಿ. ಧ್ವನಿಯನ್ನು ಸುತ್ತಲಿಂದ ಬರುವಂತೆ ಕೂಡಿಸಿದ್ದರೆ ಬೆನ್ನ ಹಿಂದಿನ ಹೆಜ್ಜೆಯೂ ಕೇಳುತ್ತದೆ. ತಿರುಗಿ ನೋಡಬೇಕೋ ಬೇಡವೋ ನೀವೇ ತೀರ್ಮಾನಿಸಬಹುದು. ನನಗೆ ಇದರಲ್ಲಿ ಜಾಸ್ತಿ ಇಷ್ಟ ಈ ಸ್ವಾತಂತ್ರ್ಯ.

ಹಿರಿಯರಿಗೆ ತೋರಿಸುವುದಾದರೆ ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಅವರಿಗೆ ಕಾಣುವುದು ನಿಮ್ಮ ಫೋನಿನಲ್ಲೂ ಕಾಣುವಂತೆ ಕಾಸ್ಟ್ ಮಾಡಿಕೊಳ್ಳಿ. ಐದು ನಿಮಿಷ ಸಾಕು. ಅಮ್ಮ ನೋಡುವಾಗ ಒಬ್ಬಳು ನರ್ತಕಿ ಅವರ ಕಾಲ ಬುಡದಲ್ಲೇ ಬಿದ್ದಳು. "ಅಯ್ಯೋ, ಬಿದ್ದಳಲ್ಲ ಮಾರಾಯ್ತಿ" ಎನ್ನುತ್ತಾ ಅಮ್ಮ ಎಬ್ಬಿಸಲು ಕೈ ಚಾಚಿದರು. ಹೆಡ್‌ಸೆಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅವರ ಕೈ ಹಿಡಿದೇ ಇರಿ, ತಕ್ಷಣ ಏಳಲು ಬಿಡಬೇಡಿ.